ಪಟ್ಟದ ರಾಜನ ಮೇಲಿನ ಸೇತುವೆ

ಕೆಲವರು ಸಿಟ್ಟು ಬಂದರೆ ಕೂಗಾಡಿ, ನಾಲ್ಕು ಪಾತ್ರೆ ಕುಕ್ಕಿ, ಅರ್ಧ ಗಂಟೆಯಲ್ಲಿ ಕಾಫಿ ಕುಡಿದು ಸರಿಹೋಗುತ್ತಾರೆ. ನನಗೆ ಆ ಭಾಗ್ಯವಿಲ್ಲ. ನನ್ನ ಸಿಟ್ಟು ಉಪ್ಪಿನಕಾಯಿಯಂಥದ್ದು, ಭರಣಿಯಲ್ಲಿ ಕೂತಷ್ಟೂ ಹದಕ್ಕೆ ಬರುತ್ತದೆ. ಒಬ್ಬ ಆಂಟಿಯ ಮೇಲಿನ ಸಿಟ್ಟನ್ನು ಹಾಗೆ ಎಂಟು ವರ್ಷ ಕೆಡದಂತೆ ನೋಡಿಕೊಂಡೆ. ಕೊನೆಗೆ ಅದನ್ನು ತೀರಿಸಿಕೊಳ್ಳುವುದಕ್ಕೆಂದೇ, ಯುದ್ಧದಲ್ಲಿ ಬಿದ್ದು ಮತ್ತೆ ಎದ್ದ ಒಂದು ಸೇತುವೆಯನ್ನು ಶಿಕಾಗೋ ಹತ್ತಿರದ ವೆಸ್ಟ್‌ಮಂಟ್‌ನ ನಮ್ಮ ಮನೆಯ ಹಾಲ್‌ನಲ್ಲಿ ಕಟ್ಟಿದೆ.

ಆಂಟಿ ಮಿಷಿಗನ್‌ನವರು, ಸೌತ್‌ಫೀಲ್ಡ್‌ನಲ್ಲಿ ಮಗನ ಮನೆಯಲ್ಲಿದ್ದಾರೆ. ನಮ್ಮ ಕಡೆ ದಸರೆಗೆ ಗೊಂಬೆ ಕೂರಿಸುವ ಮನೆಗಳಿಗೆ ತೀರ್ಪುಗಾರರು ಬರುತ್ತಾರೆ. ಊರಿನವರೇ ತೀರ್ಪು ಕೊಟ್ಟರೆ ವರ್ಷವೆಲ್ಲ ಮುಖ ಊದಿಸಿಕೊಂಡಿರುತ್ತಾರೆಂದು ಒಂದು ಏರ್ಪಾಡಾಗಿದೆ. ಡೆಟ್ರಾಯಿಟ್ ಕಡೆಯವರು ಶಿಕಾಗೋ ಮನೆಗಳಿಗೆ ಬರುತ್ತಾರೆ, ನಮ್ಮವರು ಅಲ್ಲಿಗೆ ಹೋಗುತ್ತಾರೆ. ಹೆಚ್ಚುಕಡಿಮೆ ಮುನ್ನೂರು ಮೈಲಿ ಡ್ರೈವ್ ಮಾಡಿಸಿಕೊಂಡು ಬಂದು, ಗ್ಲೆಂಡೇಲ್ ಹೈಟ್ಸ್‌ನಿಂದ ಶುರುಮಾಡಿ ಒಂದೇ ಶನಿವಾರ ಹತ್ತು ಹನ್ನೆರಡು ಮನೆ ನೋಡಿ, ಎಲ್ಲ ಕಡೆ ಉಸಲಿ ತಿಂದು, ಅಂಕ ಹಾಕಿ ಹೋಗುತ್ತಾರೆ. ಆಂಟಿ ಈ ತಂಡಕ್ಕೆ ಹಿರಿಯರು. ಮೈಸೂರಿನ ಅಗ್ರಹಾರದಲ್ಲಿ ಬೆಳೆದವರು, ಶಾಸ್ತ್ರ ಬಲ್ಲವರು, ಎದುರು ಮಾತಾಡಿದವರನ್ನು ನಾನು ಕಂಡಿಲ್ಲ.

ಈ ಸಿಟ್ಟು ಹುಟ್ಟಿದ ವರ್ಷದ ಜೂನ್‌ನಲ್ಲಿ ಮೈಸೂರಿನಲ್ಲಿ ನನ್ನ ಅಮ್ಮ ತೀರಿಕೊಂಡಿದ್ದಳು. ಮದುವೆಯಾದ ಮಗಳಿಗೆ ಸೂತಕ ಮೂರೇ ದಿನ, ಗೊಂಬೆ ತಪ್ಪಿಸಬೇಡ ಎಂದು ಅತ್ತೆ ಫೋನಿನಲ್ಲಿ ಹೇಳಿದ್ದರಿಂದ ಅಕ್ಟೋಬರ್‌ನಲ್ಲಿ ಗೊಂಬೆ ಕೂರಿಸಿದೆ. ಮೇಲಿನ ಮೆಟ್ಟಿಲ ಮೇಲೆ ಪಟ್ಟದ ಗೊಂಬೆಗಳು, ಮರದ ರಾಜ, ಮರದ ರಾಣಿ. ಮದುವೆಯಲ್ಲಿ ತವರಿನವರು ಮಗಳಿಗೆ ಕೊಡುವ ಜೋಡಿ ಅದು. ಅಮ್ಮ ನನಗೆ ಹೊಸದು ತರಲಿಲ್ಲ, ತನಗೆ ಅವಳಮ್ಮ ಕೊಟ್ಟಿದ್ದನ್ನೇ ಕೊಟ್ಟಿದ್ದಳು.

ಆ ರಾಣಿಯ ಬಲಗೈ ಒಮ್ಮೆ ಮುರಿದಿತ್ತು. ಮುರಿದವಳು ನಾನೇ. ಏಳು ವರ್ಷದವಳಿದ್ದಾಗ ಸ್ಟೂಲ್ ಹತ್ತಿ ಎತ್ತಿಕೊಳ್ಳಲು ಹೋಗಿ ಕೈಜಾರಿ ಬೀಳಿಸಿದೆ. ಭುಜದಿಂದ ಕೈ ಕಳಚಿ ಮಂಚದಡಿಗೆ ಉರುಳಿತು. ಬೆನ್ನಿಗೆ ನಾಲ್ಕು ಬೀಳುತ್ತದೆಂದು ನಾನು ಅಲ್ಲೇ ಅಳುತ್ತಾ ನಿಂತಿದ್ದೆ. ಅಮ್ಮ ಬೈಯಲಿಲ್ಲ. ಬೀದಿ ಕೊನೆಯ ಬಡಗಿಯ ಹತ್ತಿರ ಒಂದು ಚೂರು ಮರವಜ್ರ ತಂದು, ಕಾಯಿಸಿ ಕರಗಿಸಿ, ಕೈ ಅಂಟಿಸಿ, ದಾರ ಸುತ್ತಿ ಮೂರು ದಿನ ಅಕ್ಕಿ ಡಬ್ಬದ ಮೇಲೆ ಮಲಗಿಸಿದಳು. “ಮೇಲೆ ಸೀರೆ ಉಡಿಸಿದ್ರೆ ಯಾರಿಗೂ ಕಾಣಲ್ಲ ಬಿಡು” ಅಂದಳು. ಅಲ್ಲಿಂದ ಮುಂದೆ ಪ್ರತಿ ದಸರೆಯಲ್ಲೂ ರಾಣಿಯ ಸೆರಗು ಬಲಭುಜದ ಮೇಲೂ ಒಂದು ಸುತ್ತು ಬರುತ್ತಿತ್ತು. ನಾನೂ ಹಾಗೆಯೇ ಉಡಿಸುತ್ತಿದ್ದೆ.

ಆಂಟಿ ಬಂದರು, ರಾಣಿಯನ್ನು ಕೈಗೆತ್ತಿಕೊಂಡರು. ಸೀರೆ ಉಡಿಸಿದ್ದು ಲಕ್ಷಣವಾಗಿದೆ ಎಂದು ಹೊಗಳುತ್ತಲೇ ಅವರ ಹೆಬ್ಬೆರಳು ಸೆರಗಿನಡಿ ಹೋಯಿತು. ಬೆರಳು ಅಲ್ಲೇ ನಿಂತಿತು.

“ಇದು ಭಿನ್ನ ಆಗಿದೆಯಲ್ಲಮ್ಮಾ” ಅಂದರು. ಹಾಲ್‌ನಲ್ಲಿ ಇಪ್ಪತ್ತು ಜನರಿದ್ದರು. “ಭಿನ್ನವಾದ್ದನ್ನ ಪಟ್ಟಕ್ಕೆ ಕೂರಿಸ್ತಾರಾ? ನೀರಿಗೆ ಬಿಟ್ಬಿಡು. ನಿಮ್ಮಮ್ಮ ಇಷ್ಟೂ ಹೇಳ್ಕೊಡ್ಲಿಲ್ವಾ?”

ರಾಣಿಯನ್ನು ಅವರು ಮತ್ತೆ ಮೇಲಿಡಲಿಲ್ಲ. ಕೆಳಗಿನ ಮೆಟ್ಟಿಲಲ್ಲಿ ಪ್ಲಾಸ್ಟಿಕ್ ಹಸುಗಳ ಪಕ್ಕ ಇಟ್ಟು, ಉಸಲಿಗೆ ಉಪ್ಪು ಒಂದು ಕಲ್ಲು ಕಮ್ಮಿ ಎಂದು ಹೇಳಿ ಮುಂದಿನ ಮನೆಗೆ ಹೋದರು. ನನ್ನ ಅಮ್ಮ ಸತ್ತು ನಾಲ್ಕು ತಿಂಗಳಾಗಿತ್ತು. ಅವಳು ಏನು ಹೇಳಿಕೊಟ್ಟಳು, ಏನು ಹೇಳಿಕೊಡಲಿಲ್ಲ ಎಂದು ಯಾರಿಗಾದರೂ ಬಿಡಿಸಿ ಹೇಳುವ ತ್ರಾಣ ನನ್ನಲ್ಲಿರಲಿಲ್ಲ. ಹೇಳಿದಂತೆ ಕೇಳಿದೆ. ವಿಜಯದಶಮಿಯ ಬೆಳಿಗ್ಗೆ ರಾಣಿಯನ್ನು ಟವೆಲ್‌ನಲ್ಲಿ ಸುತ್ತಿಕೊಂಡು ಹೋಗಿ, ಪಾರ್ಕ್‌ನ ಕಾಲುಸೇತುವೆಯ ಮೇಲಿಂದ ಡುಪೇಜ್ ನದಿಗೆ ಬಿಟ್ಟೆ.

ಮರದ ಗೊಂಬೆ ಮುಳುಗುವುದಿಲ್ಲವೆಂದು ನನಗೆ ಹೊಳೆದೇ ಇರಲಿಲ್ಲ. ರಾಣಿ ಅಂಗಾತ ತೇಲಿದಳು. ಸೀರೆ ಬಿಚ್ಚಿಕೊಂಡಿತು. ಅಮ್ಮ ಅಂಟಿಸಿದ್ದ ಕೈ ಮಾತ್ರ ಅಲುಗಲಿಲ್ಲ, ಗಟ್ಟಿಯಾಗಿತ್ತು. ಅವಳು ಆಕಾಶ ನೋಡಿಕೊಂಡು ತಿರುವಿನಲ್ಲಿ ಮರೆಯಾಗುವವರೆಗೂ ನಾನು ಕಂಬಿ ಹಿಡಿದು ನಿಂತಿದ್ದೆ. ಉಪ್ಪು ತಿಂದವರು ನೀರು ಕುಡಿಯಲೇಬೇಕು, ಈ ಹೆಂಗಸಿಗೆ ನೀರು ಕುಡಿಸುವವಳು ನಾನೇ ಎಂದು ಅಲ್ಲಿಯೇ ತೀರ್ಮಾನ ಮಾಡಿದೆ.

ಅಲ್ಲಿಂದ ಏಳು ದಸರೆ ರಾಜ ಒಬ್ಬನೇ ಕೂತ. ಬಂದವರು ರಾಣಿಯೆಲ್ಲಿ ಎಂದರೆ ತವರಿಗೆ ಹೋಗಿದ್ದಾಳೆ ಅನ್ನುತ್ತಿದ್ದೆ, ಅವರು ನಗುತ್ತಿದ್ದರು. ಆಂಟಿಯೂ ವರ್ಷ ವರ್ಷ ತಪ್ಪದೆ ಬರುತ್ತಿದ್ದರು. ಒಂದು ಸಲ ರಾಜನ ಪೇಟ ಸರಿಮಾಡುತ್ತಾ, “ಒಬ್ಬನ್ನೇ ಕೂರಿಸಿದೀಯಲ್ಲಮ್ಮಾ, ಮೈಸೂರಿಂದ ಒಂದು ಜೋಡಿ ತರಿಸ್ಬಾರ್ದಾ?” ಎಂದು ಕೇಳಿದರು. ನಾನು ಹಲ್ಲು ಕಚ್ಚಿಕೊಂಡು ಅವರಿಗೆ ಇನ್ನೊಂದು ಸೌಟು ಉಸಲಿ ಬಡಿಸಿದೆ.

ಇನ್ನು ಸೇತುವೆಯ ವಿಷಯ. ನಮ್ಮ ಪಕ್ಕದ ಮನೆಯಲ್ಲಿ ಬೋಸ್ನಿಯಾದ ಅಜ್ಜ ಒಬ್ಬರಿದ್ದಾರೆ. ಮೋಸ್ತಾರ್ ಎಂಬ ಊರಿನವರು, ಕಲ್ಲುಕುಟಿಗರು. ಯುದ್ಧ ನಡೆಯುತ್ತಿದ್ದಾಗ ಹೆಂಡತಿಯನ್ನು ಕರೆದುಕೊಂಡು ಇಲ್ಲಿಗೆ ಬಂದು, ಮೂವತ್ತು ವರ್ಷ ಈ ಸಬರ್ಬ್‌ಗಳ ಮನೆಗಳಿಗೆ ಚಿಮಣಿ, ತೋಟದ ಗೋಡೆ ಕಟ್ಟಿದವರು. ಈಗ ಹೆಂಡತಿಯಿಲ್ಲ. ಗ್ಯಾರೇಜಿನಲ್ಲಿ ಉಳಿ, ಸುತ್ತಿಗೆ, ಕಲ್ಲು ಕೊಯ್ಯುವ ಯಂತ್ರ ಇಟ್ಟುಕೊಂಡು ಒಬ್ಬರೇ ಏನಾದರೂ ಮಾಡುತ್ತಿರುತ್ತಾರೆ. ನಾನು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು, ಕಲ್ಲುಕೆಲಸದ ಗಂಧಗಾಳಿ ನನಗೆ ಗೊತ್ತಿಲ್ಲ. ಹಿತ್ತಿಲ ಬೇಲಿಯ ಮೇಲಿಂದ ಅವರು ಪ್ಲಮ್ ಹಣ್ಣು ಕೊಡುತ್ತಿದ್ದರು, ನಾನು ಚಿತ್ರಾನ್ನ ಕೊಡುತ್ತಿದ್ದೆ.

ಕಳೆದ ವರ್ಷದ ಬೇಸಿಗೆಯಲ್ಲಿ ಒಂದು ಶನಿವಾರ ಡಬ್ಬಿ ವಾಪಸು ತರಲು ಅವರ ಗ್ಯಾರೇಜಿಗೆ ಹೋದಾಗ ಗೋಡೆಯ ಮೇಲೆ ಒಂದು ಕಮಾನು ಸೇತುವೆಯ ಚಿತ್ರ ಕಂಡೆ. ಕೆಳಗೆ ಹಸಿರು ನೀರು, ಮೇಲೆ ಬೆಕ್ಕು ಬೆನ್ನೆತ್ತಿದ ಹಾಗೆ ಒಂದೇ ಒಂದು ಕಮಾನು. ಕೇಳಿದೆ, ಹೇಳಿದರು. ಅವರ ಇಂಗ್ಲಿಷನ್ನು ನನ್ನ ಕನ್ನಡದಲ್ಲೇ ಬರೆಯುತ್ತೇನೆ.

“ನಾನೂರು ವರ್ಷಕ್ಕೂ ಹೆಚ್ಚು ನಿಂತಿತ್ತು. ಹದಿನಾರನೇ ವಯಸ್ಸಿಗೆ ಅದರ ನೆತ್ತಿಯಿಂದ ನದಿಗೆ ಹಾರಿದೆ. ನಮ್ಮೂರಲ್ಲಿ ಹಾರಿದ ಮೇಲೇ ಗಂಡಸು. ಆಮೇಲೆ ಫಿರಂಗಿ ಗುಂಡು ಹೊಡೆದು ಹೊಡೆದು ಬೀಳಿಸಿದರು. ಹತ್ತು ವರ್ಷದ ಮೇಲೆ ಮತ್ತೆ ಕಟ್ಟಿದರು. ಈಗ ಪ್ರಪಂಚದವರೆಲ್ಲ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ.”

ನನ್ನ ತಲೆಯಲ್ಲಿ ದೀಪ ಹತ್ತಿತು. ಮುರಿದು ಬಿದ್ದದ್ದು, ಮತ್ತೆ ಕಟ್ಟಿದ್ದು, ಭಿನ್ನ ಎಂದು ಯಾವ ಆಂಟಿಯೂ ನೀರಿಗೆ ಬಿಡಿಸಲಾಗದ್ದು. ಹಳೆಯ ಕಲ್ಲುಗಳನ್ನೇ ಜೋಡಿಸಿದರಾ ಎಂದು ಆಸೆಯಿಂದ ಕೇಳಿದೆ.

“ಇಲ್ಲ. ನದಿಯಿಂದ ಎತ್ತಿದರು, ಕೆಲಸಕ್ಕೆ ಬರುವುದಿಲ್ಲ ಅಂದರು. ಅದೇ ಗಣಿಯಿಂದ ಹೊಸ ಕಲ್ಲು ತಂದು ಕಡೆದರು. ಹಳೆಯವು ದಡದಲ್ಲಿ ಬಿದ್ದಿವೆ. ಬೀಳಿಸಿದವರೂ ಈಗ ಅದರ ಮೇಲೆಯೇ ಐಸ್‌ಕ್ರೀಮ್ ತಿನ್ನುತ್ತಾ ಓಡಾಡುತ್ತಾರೆ. ನನ್ನ ತಮ್ಮನೂ ಓಡಾಡುತ್ತಾನೆ. ನಾನು ಅದರ ಮೇಲೆ ಕಾಲಿಡುವುದಿಲ್ಲ.”

ತಮ್ಮ ಅಲ್ಲೇ ಇದ್ದಾನೆ, ಶನಿವಾರ ಶನಿವಾರ ಫೋನ್ ಮಾಡುತ್ತಾನೆ. ಒಂದು ಸಲ ಬಾ, ಇಬ್ಬರೂ ಸೇತುವೆ ದಾಟೋಣ ಅಂದಿದ್ದನಂತೆ. ಅಂದಿನಿಂದ ಅಜ್ಜ ಅವನ ಫೋನ್ ತೆಗೆಯುವುದನ್ನೇ ಬಿಟ್ಟರು. ನಾನು ನೋಡುತ್ತಿದ್ದಂತೆಯೇ ಬೆಂಚಿನ ಮೇಲೆ ಫೋನ್ ಗುಂಯ್‌ಗುಟ್ಟಿತು. ಅವರು ಅದನ್ನು ಬೋರಲು ಹಾಕಿ, ನನಗೆ ಪುಟ್ಟ ಬಟ್ಟಲಿನಲ್ಲಿ ಕಾಫಿ ಬಗ್ಗಿಸಿದರು.

ಆ ಸೇತುವೆಯನ್ನು ನನ್ನ ಹಬ್ಬಕ್ಕೆ ಕಟ್ಟಿಕೊಡುತ್ತೀರಾ ಎಂದು ಕೇಳಿದೆ. ಒಬ್ಬ ಹೆಂಗಸಿಗೆ ನಾಲ್ಕು ಜನರ ಮುಂದೆ ನಾಚಿಕೆಯಾಗುವಂತೆ ಮಾಡಬೇಕಿದೆ ಎಂದೂ ಹೇಳಿದೆ. ಅವಳು ಏನು ಮಾಡಿದಳು ಎಂದು ಕೇಳಿದರು. ರಾಣಿಯ ಕೈ, ಮರವಜ್ರ, ಪ್ಲಾಸ್ಟಿಕ್ ಹಸು, ನದಿ, ಎಲ್ಲವನ್ನೂ ಹೇಳಿದೆ. ಬೇರೆ ಯಾರಾದರೂ ಆಗಿದ್ದರೆ ಇಷ್ಟಕ್ಕೆಲ್ಲ ಎಂಟು ವರ್ಷವಾ ಅನ್ನುತ್ತಿದ್ದರು. ನನ್ನ ಗಂಡ ಅಂದಿದ್ದಾನೆ. ಅಜ್ಜ ಬಟ್ಟಲು ಕೆಳಗಿಟ್ಟು, “ಯಾವಾಗ ಶುರುಮಾಡೋಣ?” ಅಂದರು.

ಜುಲೈಯಿಂದ ಸೆಪ್ಟೆಂಬರ್‌ವರೆಗೆ ನನ್ನ ಶನಿವಾರಗಳು ಆ ಗ್ಯಾರೇಜಿನಲ್ಲೇ ಕಳೆದವು. ಯಾವುದೋ ಚಿಮಣಿಯಿಂದ ಮಿಕ್ಕಿದ್ದ ಹಳದಿ ಸುಣ್ಣಕಲ್ಲನ್ನು ಅವರು ಕೊಯ್ಯುತ್ತಿದ್ದರು, ನಾನು ನೀರು ಹಾಕಿ ಉಜ್ಜಿ ನಯ ಮಾಡುತ್ತಿದ್ದೆ. ಒಂದೂವರೆ ಅಡಿ ಅಗಲದ ಕಮಾನು, ಇಪ್ಪತ್ತೊಂದು ಕಲ್ಲು. ಗಾರೆಯಿಲ್ಲ, ಗೋಂದಿಲ್ಲ. ಕೆಳಗೆ ಪ್ಲೈವುಡ್ಡಿನ ಅಚ್ಚು ಇಟ್ಟು ಎರಡೂ ಕಡೆಯಿಂದ ಕಲ್ಲು ಜೋಡಿಸುತ್ತಾ ಬಂದು, ಕೊನೆಗೆ ನೆತ್ತಿಯಲ್ಲಿ ಒಂದು ಕಲ್ಲು ಬಿಗಿಯಾಗಿ ಕೂರಿಸಿ ಅಚ್ಚು ತೆಗೆದರೆ ಒಂದನ್ನೊಂದು ಒತ್ತಿಕೊಂಡು ನಿಲ್ಲುತ್ತವೆ ಎಂದು ಹೇಳಿಕೊಟ್ಟರು. ನಾನು ಉಜ್ಜುತ್ತಾ ಉಜ್ಜುತ್ತಾ ಆಂಟಿಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಮಸೆಯುತ್ತಿದ್ದೆ. ಅಷ್ಟು ಸುಖವಾದ ಬೇಸಿಗೆಯನ್ನು ನಾನು ಈ ದೇಶದಲ್ಲಿ ಕಳೆದಿರಲಿಲ್ಲ.

ನೆತ್ತಿಗಲ್ಲು ಕೂರಿಸುವ ದಿನ ಅಜ್ಜ ಒಳಗಿನಿಂದ ಒಂದು ಕರವಸ್ತ್ರದ ಗಂಟು ತಂದರು. ಅರ್ಧ ಸೋಪಿನಷ್ಟು ದೊಡ್ಡ ಕಲ್ಲಿನ ಚೂರು. ಸೇತುವೆ ಬೀಳುವ ಮೊದಲೇ ಗುಂಡು ತಗುಲಿ ಸಿಡಿದಿದ್ದು, ಅವರು ದಾರಿಯಲ್ಲಿ ಆರಿಸಿ ಕೋಟಿನ ಜೇಬಿನಲ್ಲಿಟ್ಟುಕೊಂಡು ಬಂದದ್ದು. ಆ ಊರಿನದೆಂದು ಅವರ ಹತ್ತಿರ ಉಳಿದದ್ದು ಅದೊಂದೇ.

“ನಿನ್ನ ಹೆಂಗಸಿಗೆ ಮುರಿದದ್ದು ಆಗುವುದಿಲ್ಲ ತಾನೇ? ಇದನ್ನು ನೆತ್ತಿಯಲ್ಲಿ ಕೂರಿಸೋಣ. ಆದರೆ ಇದಕ್ಕೆ ಉಳಿ ತಾಗಬಾರದು.”

ಚೂರಿನ ಅಂಕುಡೊಂಕಿಗೆ ಸರಿಯಾಗಿ ಅಕ್ಕಪಕ್ಕದ ಕಲ್ಲುಗಳನ್ನು ಕೊರೆಯುವುದಕ್ಕೇ ಎರಡು ಶನಿವಾರ ಹಿಡಿಯಿತು. ಹಬ್ಬದ ಹಿಂದಿನ ದಿನ ನಮ್ಮ ಹಾಲ್‌ಗೆ ಬಂದು, ಮೇಲಿನ ಮೆಟ್ಟಿಲ ಮೇಲೆ ಕಮಾನು ನಿಲ್ಲಿಸಿ, ಅಚ್ಚನ್ನು ಮೆಲ್ಲಗೆ ಕೆಳಗಿಳಿಸಿದರು. ನಿಂತಿತು. ಕಮಾನಿನಡಿ ಮಂಟಪದಲ್ಲಿ ಕೂರಿಸಿದ ಹಾಗೆ ರಾಜನನ್ನು ಕೂರಿಸಿದೆ. ಹೋಗುವಾಗ ಅಜ್ಜ ಬಾಗಿಲಲ್ಲಿ ನಿಂತು, “ಯಾವ ಕಲ್ಲು ಬೇಕಾದರೂ ಮುಟ್ಟು, ನೆತ್ತಿಗಲ್ಲು ಬೇಡ. ಹಬ್ಬ ಮುಗಿದ ಮೇಲೆ ನನ್ನನ್ನು ಕರಿ, ಅಚ್ಚು ಇಟ್ಟು ನಾನೇ ತೆಗೆಯುತ್ತೇನೆ” ಅಂದರು. ಆಗಲಿ ಅಂದೆ.

ನನ್ನ ಲೆಕ್ಕಾಚಾರ ಬಹಳ ಸುಲಭವಾಗಿತ್ತು. ಪಟ್ಟದ ಗೊಂಬೆಗೆ ಹಿರಿಯರ ಕೈಯಲ್ಲಿ ಆರತಿ ಮಾಡಿಸುವುದು ವಾಡಿಕೆ. ಆಂಟಿ ಆರತಿ ಎತ್ತುತ್ತಾರೆ. ತಟ್ಟೆ ಕೆಳಗಿಟ್ಟ ಮೇಲೆ ನಾನು ಹೇಳುತ್ತೇನೆ, ನೀವು ಈಗ ಆರತಿ ಎತ್ತಿದ್ದು ಭಿನ್ನಕ್ಕೆ ಎಂದು.

ಶನಿವಾರ ಮಧ್ಯಾಹ್ನ ಆಂಟಿ ಬಂದರು. ಮಂಡಿ ಆಪರೇಷನ್ ಆಗಿತ್ತಂತೆ, ಕೈಯಲ್ಲಿ ಕೋಲು. ಹಾಲ್ ತುಂಬ ಜನ.

“ಇದ್ಯಾವ್ದಮ್ಮಾ, ರಾಮಸೇತುನಾ?” ಎಂದು ಕೇಳಿದರು.

ಅಲ್ಲ ಆಂಟಿ ಎಂದು ಕಥೆ ಹೇಳಿದೆ. ಬೇಸಿಗೆಯೆಲ್ಲ ಮಸೆದಿದ್ದ ಕಥೆ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಬಂತು. ಆಂಟಿ ಕಣ್ಣು ಒರೆಸಿಕೊಂಡರು. ಆರತಿ ತಟ್ಟೆ ಕೊಟ್ಟೆ. ಹಾಡು ಹೇಳಿಕೊಂಡು ಮೂರು ಸುತ್ತು ಎತ್ತಿದರು, ಸೇತುವೆಗೂ ರಾಜನಿಗೂ ಅಕ್ಷತೆ ಹಾಕಿ ಕೈ ಮುಗಿದರು. ಅವರು ಕೈ ಮುಗಿದದ್ದನ್ನು ನೋಡಿ ನನ್ನ ಹೊಟ್ಟೆ ತಣ್ಣಗಾಯಿತು. ಆಗಲೇ ಸುಮ್ಮನಾಗಿದ್ದರೆ ನನಗೆ ಗೆಲುವೂ ಇರುತ್ತಿತ್ತು, ರಾಜನೂ ಇರುತ್ತಿದ್ದ.

“ಆಂಟಿ, ಇದರ ನೆತ್ತಿಯಲ್ಲಿರೋದು ಮುರಿದ ಕಲ್ಲು” ಅಂದೆ. “ಭಿನ್ನ ಆಗಿರೋದು. ನೀವು ಅದಕ್ಕೇ ಆರತಿ ಎತ್ತಿದ್ರಿ.”

“ಹೌದಾ?” ಅಂದರು, ಏನೂ ಅರ್ಥವಾಗದವರಂತೆ.

“ಎಂಟು ವರ್ಷದ ಹಿಂದೆ ಇದೇ ಹಾಲ್‌ನಲ್ಲಿ ನಮ್ಮಮ್ಮನ ರಾಣೀನ ಭಿನ್ನ ಅಂತ ಕೆಳಗಿಟ್ರಿ. ನಿಮ್ಮಮ್ಮ ಹೇಳ್ಕೊಡ್ಲಿಲ್ವಾ ಅಂದ್ರಿ. ನೀವು ಹೇಳಿದ್ರಿ ಅಂತ ನಾನು ಅದನ್ನ ಹೊಳೆಗೆ ಬಿಟ್ಟೆ.”

ಆಂಟಿ ನನ್ನ ಮುಖವನ್ನೇ ನೋಡಿದರು. ಅವರ ಮುಖದಲ್ಲಿ ತಪ್ಪಿತಸ್ಥರ ಕಳೆಯನ್ನು ಹುಡುಕಿದೆ, ಇರಲಿಲ್ಲ. ಅವರು ನಿಜವಾಗಿಯೂ ನೆನಪು ಮಾಡಿಕೊಳ್ಳಲು ಒದ್ದಾಡುತ್ತಿದ್ದರು.

“ನಾನಾ? ನಾನು ಹಾಗಂದ್ನಾ? ನಂಗೆ ನೆನಪೇ ಇಲ್ವಲ್ಲಮ್ಮಾ.”

ಇದಕ್ಕೆ ಮಾತ್ರ ನಾನು ತಯಾರಿರಲಿಲ್ಲ. ಜಗಳವಾಡುತ್ತಾರೆ, ಶಾಸ್ತ್ರ ಹೇಳುತ್ತಾರೆ, ಎದ್ದು ಹೋಗುತ್ತಾರೆ, ಎಲ್ಲಕ್ಕೂ ಉತ್ತರ ಇಟ್ಟುಕೊಂಡಿದ್ದೆ. ನಾನು ಎಂಟು ವರ್ಷ ಹೊತ್ತುಕೊಂಡು ತಿರುಗಿದ್ದನ್ನು ಅವರು ಮುಂದಿನ ಮನೆ ತಲುಪುವಷ್ಟರಲ್ಲಿ ಮರೆತಿದ್ದರು. ಮೈಯೆಲ್ಲ ಉರಿಯಿತು. ಆಂಟಿ ಪಾಪ ಕೋಲೂರಿ ಬಗ್ಗಿ, ಕನ್ನಡಕ ಏರಿಸಿ, “ಯಾವ್ದಮ್ಮಾ ಭಿನ್ನ? ಎಲ್ಲಾ ಒಂದೇ ಥರ ಇದೆಯಲ್ಲಾ, ಕಾಣ್ತಾನೇ ಇಲ್ಲ” ಅಂದರು.

“ಕಾಣಲ್ವಾ? ತೋರಿಸ್ತೀನಿ ಇರಿ” ಅಂದೆ.

“ಅಮ್ಮಾ, ಡೋಂಟ್” ಎಂದು ಪಕ್ಕದಲ್ಲಿದ್ದ ನನ್ನ ಮಗಳು ಅಂದದ್ದು ಕೇಳಿಸಿತು. ಅವಳ ಮುಂದೆಯೇ ಅಜ್ಜ ಎಚ್ಚರಿಕೆ ಹೇಳಿ ಹೋಗಿದ್ದರು. ನನಗೂ ನೆನಪಿತ್ತು. ಮರೆತು ಮಾಡಿದೆ ಎಂದು ನಾನು ಯಾವತ್ತೂ ಹೇಳುವುದಿಲ್ಲ. ಎರಡು ಬೆರಳಿನಲ್ಲಿ ನೆತ್ತಿಗಲ್ಲು ಹಿಡಿದು, ಆಚೆ ಈಚೆ ಅಲ್ಲಾಡಿಸಿ ಎಳೆದುಬಿಟ್ಟೆ.

ಚೂರು ನನ್ನ ಕೈಗೆ ಬಂತು. ಉಳಿದ ಇಪ್ಪತ್ತು ಕಲ್ಲೂ ಒಟ್ಟಿಗೆ ಒಳಕ್ಕೆ ಕುಸಿದವು. ಮೆಟ್ಟಿಲುಗಳ ಮೇಲಿಂದ ಉರುಳಿ, ಸೈನಿಕರನ್ನೂ ಸೆಟ್ಟರನ್ನೂ ಕೆಡವಿಕೊಂಡು ಕಾರ್ಪೆಟ್ಟಿನ ಮೇಲೆ ಬಿದ್ದವು. ರಾಜ ಆಂಟಿಯ ಕಾಲ ಹತ್ತಿರ ಬೋರಲು ಬಿದ್ದಿದ್ದ. ಎತ್ತಿ ನೋಡಿದರೆ ಬಲಗೈ ಇರಲಿಲ್ಲ. ಭುಜದಿಂದ ಕಳಚಿತ್ತು, ರಾಣಿಯ ಕೈ ಕಳಚಿದ್ದ ಜಾಗದಲ್ಲೇ.

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ ಎನ್ನುತ್ತಾರೆ. ನಾನು ಶಾಂತಳೂ ಆಗಿರಲಿಲ್ಲ. ಆಂಟಿ ಕೋಲನ್ನು ಸೋಫಾಕ್ಕೆ ಒರಗಿಸಿ, ಆ ಮಂಡಿಯಲ್ಲಿ ನೋವು ತಿನ್ನುತ್ತಾ ನೆಲದ ಮೇಲೆ ಕೂತರು. ಕಲ್ಲುಗಳ ನಡುವೆ ಕೈಯಾಡಿಸಿ ರಾಜನ ಕೈಯನ್ನು ಹುಡುಕಿ ತೆಗೆದರು, ಸೆರಗಿನಲ್ಲಿ ಧೂಳು ಒರೆಸಿದರು. ನನ್ನ ಕೈಯಿಂದ ರಾಜನನ್ನು ತೆಗೆದುಕೊಂಡು ಭುಜಕ್ಕೆ ಕೈ ಹೊಂದಿಸಿ ನೋಡಿದರು. ಸರಿಯಾಗಿ ಕೂತಿತು.

“ಮರವಜ್ರ ಇದೆಯೇನಮ್ಮಾ ಮನೇಲಿ? ಈಗ್ಲೇ ಹಚ್ಚಿದ್ರೆ ಗಟ್ಟಿಯಾಗಿ ಕೂರತ್ತೆ” ಅಂದರು. “ಮೇಲೆ ಒಂದು ಶಲ್ಯ ಹೊದಿಸಿದ್ರೆ ಯಾರಿಗೂ ಕಾಣಲ್ಲ ಬಿಡು.”

ಅಡುಗೆಮನೆಯ ಎರಡನೇ ಡ್ರಾಯರ್‌ನಲ್ಲಿ ಮರಕ್ಕೆ ಹಚ್ಚುವ ಗೋಂದಿನ ಹಳದಿ ಬಾಟಲಿ ಇತ್ತು. ಅದು ನನಗೆ ಗೊತ್ತಿತ್ತು, ಮಗಳಿಗೂ ಗೊತ್ತಿತ್ತು. ಅವಳು ಆಗಲೇ ಆ ಕಡೆ ಎರಡು ಹೆಜ್ಜೆ ಇಟ್ಟಿದ್ದಳು. ನನ್ನ ಅಮ್ಮನ ಮಾತು ಅಮ್ಮನದೇ ಧಾಟಿಯಲ್ಲಿ ಅಮ್ಮನನ್ನು ಅಂದವರ ಬಾಯಿಂದ ಬಂದಿತ್ತು. ನನಗೆ ಅಳು ಬಂತು. ಅಳು ಬಂದದ್ದಕ್ಕೆ ಇನ್ನೂ ಸಿಟ್ಟು ಬಂತು.

“ಇಲ್ಲ ಆಂಟಿ” ಅಂದೆ. “ಭಿನ್ನ ಆಗಿದೆಯಲ್ಲಾ. ನೀರಿಗೆ ಬಿಡ್ತೀನಿ.”

ಆಗ ಅವರಿಗೆ ನೆನಪಾಯಿತು. ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು. ರಾಜನನ್ನೂ ಅವನ ಕೈಯನ್ನೂ ನನ್ನ ಮಡಿಲಲ್ಲಿಟ್ಟು, ನನ್ನ ಗಂಡನ ಕೈ ಹಿಡಿದು ಎದ್ದರು. ಅರಿಶಿನ ಕುಂಕುಮ ತೆಗೆದುಕೊಳ್ಳದೆಯೇ ಹೋದರು. ನಾನು ಬೇಕೆಂದದ್ದು ಅದೇ ಮುಖ, ಎಂಟು ವರ್ಷದಿಂದ ಕಾದದ್ದೂ ಅದಕ್ಕೇ. ಮಗಳು ಆ ಸಂಜೆಯಿಡೀ ನನ್ನ ಜೊತೆ ಮಾತಾಡಲಿಲ್ಲ.

ವಿಜಯದಶಮಿ ಮುಂದಿನ ಶನಿವಾರವೇ ಬಂತು. ಆಡಿದ ಮಾತಿಗೆ ತಪ್ಪಬಾರದೆಂದು ಬೆಳಿಗ್ಗೆ ಅದೇ ಕಾಲುಸೇತುವೆಗೆ ಹೋಗಿ ರಾಜನನ್ನು ಬಿಟ್ಟೆ. ಅವನೂ ತೇಲಿದ. ಕೈ ಬೇರೆಯಾಗಿ, ಅವನಿಗಿಂತ ಬೇಗ ಹೋಯಿತು.

ಅಲ್ಲಿಂದ ನೇರ ಅಜ್ಜನ ಗ್ಯಾರೇಜಿಗೆ ಹೋಗಿ ಕರವಸ್ತ್ರದ ಗಂಟು ಕೊಟ್ಟೆ. ಬಿಚ್ಚಿ, ಚೂರನ್ನು ಬೆಳಕಿಗೆ ಹಿಡಿದು ಸುತ್ತಲೂ ನೋಡಿದರು. ಅದಕ್ಕೆ ಏನೂ ಆಗಿರಲಿಲ್ಲ. ಯಾರು ಎಳೆದರು ಎಂದು ಕೇಳಿದರು. ನಾನೇ ಅಂದೆ. ಬಿದ್ದ ಸೇತುವೆ, ರಾಜನ ಕೈ, ಆಂಟಿ ನೆಲದ ಮೇಲೆ ಕೂತದ್ದು, ಡ್ರಾಯರ್‌ನಲ್ಲಿದ್ದ ಗೋಂದು, ಅದಿದ್ದೂ ಇಲ್ಲ ಅಂದದ್ದು, ಈಗ ನದಿಯಿಂದ ಬಂದದ್ದು, ಒಂದನ್ನೂ ಬಿಡದೆ ಹೇಳಿದೆ. ಅವರು ಬೈದರೆ ಬೈಸಿಕೊಳ್ಳೋಣ ಎಂದೇ ಬಂದಿದ್ದೆ. ಹೇಳಿ ಮುಗಿಸುವ ಹೊತ್ತಿಗೆ ಬೆಂಚಿನ ಮೇಲೆ ಅವರ ಫೋನ್ ಗುಂಯ್‌ಗುಟ್ಟಿತು. ಅವರು ನೋಡದೆಯೇ ಅದನ್ನು ಬೋರಲು ಹಾಕಿದರು.

“ಸರಿಯಾಗಿ ಮಾಡಿದೆ” ಎಂದು ನನ್ನ ಬೆನ್ನು ತಟ್ಟಿದರು.

ಇಷ್ಟು ಜನರಲ್ಲಿ ಹಾಗೆಂದವರು ಅವರೊಬ್ಬರೇ.